ಹಳೇ ಗೆಸ್ಟ್‌ಗೆ ಹೊಸ ಡಿಸ್ಕ್ ಏಕೆ ಕಾಣುವುದಿಲ್ಲ?

ಪ್ರಶ್ನೆ: ಚಳ್ಳಕೆರೆಯಲ್ಲಿ ನಮ್ಮದು ಶೇಂಗಾ ಎಣ್ಣೆ ಮಿಲ್. ಲೆಕ್ಕಪತ್ರವೆಲ್ಲ ಸೆಂಟ್‌ಒಎಸ್ 6ರ ಒಂದು ವರ್ಚುವಲ್ ಮಷಿನ್‌ನಲ್ಲಿ (ಗೆಸ್ಟ್) ಇದೆ. ಅದನ್ನು ಹೊಸ ಸರ್ವರ್‌ಗೆ ತಂದು ಕ್ಯೂ35 ಎಂಬ ವರ್ಚುವಲ್ ಮಷಿನ್ ಮಾದರಿಯಲ್ಲಿ ಶುರು ಮಾಡಿದೆ. ಬೂಟ್ ಮೆನು ಗ್ರಬ್ ಬರುತ್ತದೆ, ಕರ್ನಲ್ ಲೋಡ್ ಆಗುತ್ತದೆ, ಆಮೇಲೆ ರೂಟ್ ಡಿಸ್ಕ್ ಸಿಗದೆ ನಿಲ್ಲುತ್ತದೆ. ಹಳೇ ಡ್ರೈವರ್, ಹೊಸ ವರ್ಟ್‌ಐಒ ಡಿವೈಸ್ (ವರ್ಚುವಲ್ ಮಷಿನ್‌ಗೆಂದೇ ಮಾಡಿದ ಡಿಸ್ಕ್, ನೆಟ್‌ವರ್ಕ್ ಸಾಧನ) ಎರಡೂ ಫೀಚರ್ ಮಾತುಕತೆ ಮಾಡಿಕೊಂಡು ಹೊಂದಿಕೊಳ್ಳಬೇಕಿತ್ತು ಅಲ್ವಾ?
— ಓದುಗರು, ಚಳ್ಳಕೆರೆ

ಉತ್ತರ: ಡಿಸ್ಕ್ ಹಾಳಾಗಿಲ್ಲ ಸರ್, ಗಾಬರಿ ಬೇಡ. ಇಲ್ಲಿ ಮಾತುಕತೆ ಶುರುವೇ ಆಗಿಲ್ಲ.

ಕ್ಯೂ35ರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಪೋರ್ಟಿಗೆ ಹಾಕಿದ ವರ್ಟ್‌ಐಒ ಡಿವೈಸನ್ನು, ವರ್ಚುವಲ್ ಮಷಿನ್ ನಡೆಸುವ ಕ್ಯೂಎಮು ತಾನಾಗಿಯೇ ಹೊಸ ರೂಪದಲ್ಲಿ (ವರ್ಟ್‌ಐಒ 1.0) ಮಾತ್ರ ತೋರಿಸುತ್ತದೆ. ಆಗ ಡಿಸ್ಕಿನ ಪಿಸಿಐ ಗುರುತು 1042. ನಿಮ್ಮ ಹಳೇ ಡ್ರೈವರ್ ಹುಡುಕುವುದು 1001. ಗುರುತೇ ಬೇರೆಯಾದ್ದರಿಂದ ಅದು ಡಿಸ್ಕಿನ ಹತ್ತಿರವೇ ಹೋಗುವುದಿಲ್ಲ. ಗ್ರಬ್ ಬಂದದ್ದಕ್ಕೆ ಕಾರಣ ಬಯಾಸ್. ಅದರಲ್ಲಿ ಹೊಸ ರೂಪ ಬಲ್ಲ ತನ್ನದೇ ಡ್ರೈವರ್ ಇದೆ.

ಮಾತುಕತೆ ನಡೆಯುವುದು ಹೀಗೆ: ಡಿವೈಸ್ ತನ್ನ ಫೀಚರ್ ಬಿಟ್‌ಗಳನ್ನು ಮುಂದಿಡುತ್ತದೆ. ಡ್ರೈವರ್ ತನಗೆ ಗೊತ್ತಿರುವಷ್ಟನ್ನೇ ಒಪ್ಪುತ್ತದೆ. 32ನೇ ಬಿಟ್ ಒಪ್ಪಿದರೆ ವರ್ಟ್‌ಐಒ 1.0 ನಿಯಮ ಜಾರಿ. ಹಳೇ ಡ್ರೈವರ್ ಓದುವುದು 0ಯಿಂದ 31ರವರೆಗಿನ ಬಿಟ್ ಮಾತ್ರ, ಹಾಗಾಗಿ ಅದನ್ನು ಒಪ್ಪುವ ಪ್ರಶ್ನೆಯೇ ಇಲ್ಲ. ಹೊಸ ಡ್ರೈವರ್ ಒಪ್ಪಿದ ಮೇಲೆ ಸ್ಟೇಟಸ್‌ನಲ್ಲಿ 'ಫೀಚರ್ಸ್ ಓಕೆ' ಬಿಟ್ ಹಾಕಿ, ಮತ್ತೆ ಓದಿ ನೋಡಬೇಕು. ಡಿವೈಸ್ ಅದನ್ನು ಉಳಿಸಿರದಿದ್ದರೆ ಒಪ್ಪಂದ ಆಗಿಲ್ಲ ಎಂದರ್ಥ. ಹಳೇ ರೂಪದಲ್ಲಿ ಈ ಹಂತವೇ ಇಲ್ಲ.

ಸುಮ್ನೆ ಡಿವೈಸ್ ಗುರುತು ಬದಲಿಸಿ ಡ್ರೈವರನ್ನು ಒಪ್ಪಿಸುವ ಸಲಹೆ ಯಾರಾದರೂ ಕೊಟ್ಟರೆ ದಯವಿಟ್ಟು ಕೇಳಬೇಡಿ. ಹೊಸ ರೂಪದಲ್ಲಿ ರಿಜಿಸ್ಟರ್‌ಗಳ ಜಾಗವೇ ಬೇರೆ. ನೆಟ್‌ವರ್ಕ್ ಹೆಡರ್ ಯಾವಾಗಲೂ 12 ಬೈಟ್. ಹಳೆಯದರಲ್ಲಿ ಬಫರ್ ಜೋಡಿಸುವ ಫೀಚರ್ ಒಪ್ಪದಿದ್ದರೆ 10. ಆ 2 ಬೈಟ್ ತಪ್ಪಿದರೂ ಪ್ರತಿ ಪ್ಯಾಕೆಟ್ ಕೆಡುತ್ತದೆ.

ದಾವಣಗೆರೆಯಲ್ಲಿ ನಾನು ನೋಡಿಕೊಳ್ಳುವ ಹಳೇ ಗೆಸ್ಟ್‌ಗಳಿಗೆಲ್ಲ ಹಳೇ, ಹೊಸ ಎರಡೂ ರೂಪ ಬಲ್ಲ ಟ್ರಾನ್ಸಿಷನಲ್ ಡಿವೈಸನ್ನೇ ಕೊಡುತ್ತೇನೆ. ನೀವೂ ವರ್ಚುವಲ್ ಮಷಿನ್‌ಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನಲ್ಲಿ ಡಿಸ್ಕ್ ಮತ್ತು ನೆಟ್‌ವರ್ಕ್ ಎರಡರ ಮಾಡೆಲ್ ಜಾಗದಲ್ಲಿ 'ವರ್ಟ್‌ಐಒ-ಟ್ರಾನ್ಸಿಷನಲ್' (virtio-transitional) ಎಂದು ಬರೆಯಿರಿ. ಲಿಬ್‌ವರ್ಟ್ 5.2 ಅಥವಾ ಅದಕ್ಕಿಂತ ಹೊಸದು ಬೇಕು. ಅದು ಡಿವೈಸನ್ನು ಸಾದಾ ಪಿಸಿಐ ಸ್ಲಾಟಿಗೆ ಹಾಕುತ್ತದೆ, ಏಕೆಂದರೆ ಹಳೇ ರೂಪಕ್ಕೆ ಐಒ ಪೋರ್ಟ್ ಜಾಗ ಬೇಕು. ಇದೂ ಬೇಡವೆಂದರೆ ಹಳೇ ಐ440ಎಫ್‌ಎಕ್ಸ್ ಮಾದರಿಗೆ ಮರಳಿ. ಲೆಕ್ಕದ ಮಷಿನ್‌ಗೆ ನನ್ನ ಮತ ಅದಕ್ಕೇ.

ಇನ್ನೊಂದು ಮಾತು. ಸೆಂಟ್‌ಒಎಸ್ 6ಕ್ಕೆ 2020ರ ನವೆಂಬರ್‌ನಿಂದಲೇ ಅಪ್‌ಡೇಟ್ ನಿಂತಿದೆ. ಮಷಿನ್ ಎದ್ದ ಕೂಡಲೇ ಅದನ್ನು ಇಂಟರ್ನೆಟ್‌ನಿಂದ ಬಿಡಿಸಿ, ಮಿಲ್ಲಿನ ಒಳಗಿನ ನೆಟ್‌ವರ್ಕಿಗೆ ಮಾತ್ರ ಸೇರಿಸಿ.