ಆನ್‌ಲೈನ್ ಹೊಲಿಗೆ ಕ್ಲಾಸ್‌ನಲ್ಲಿ ಜನ ಅರ್ಧಕ್ಕೇ ಬಿಟ್ಟು ಹೋಗುತ್ತಾರೆ, ಏನು ಮಾಡಲಿ?

ನೀವು ಜಮಖಂಡಿಯಿಂದ ಕೇಳಿದ್ದೀರಿ: ಬ್ಲೌಸ್ ಹೊಲಿಗೆಯ ಆನ್‌ಲೈನ್ ಕ್ಲಾಸ್‌ಗೆ 40 ಜನ ಸೇರಿದ್ದರು, ಎರಡನೇ ವಾರಕ್ಕೆ ಎಂಟೋ ಹತ್ತೋ ಜನ ಉಳಿದರು, ಒಳ್ಳೆಯ ಕ್ಯಾಮೆರಾ ತಗೊಂಡರೆ ಸರಿಹೋಗುತ್ತಾ ಅಂತ. ಬೇಡ. ಆ ದುಡ್ಡು ನಿಮ್ಮ ಹತ್ತಿರವೇ ಇರಲಿ. ನಾನು ಬಾಗಲಕೋಟೆಯ ನವನಗರದಲ್ಲಿ ಹದಿನಾಲ್ಕು ವರ್ಷದಿಂದ ಹೊಲಿಗೆ ಕಲಿಸುತ್ತಿದ್ದೇನೆ, 2020ರ ಲಾಕ್‌ಡೌನ್‌ನಿಂದ ಆನ್‌ಲೈನ್‌ನಲ್ಲೂ ಕಲಿಸುತ್ತೇನೆ. ನನ್ನ ಮೊದಲ ಬ್ಯಾಚ್ ಕೂಡ ಹೀಗೇ ಖಾಲಿಯಾಯಿತು.

ಆಗ ನಾನು ಮನೆಯಲ್ಲಿ ಕ್ಲಾಸ್ ತಗೊಳ್ಳುವ ಹಾಗೆಯೇ ಮೊಬೈಲ್ ಮುಂದೆ ನಿಂತು ಹೇಳಿದೆ. 50 ನಿಮಿಷದ ವಿಡಿಯೋ. ಅಳತೆ, ಹಿಂಭಾಗ, ಮುಂಭಾಗ, ತೋಳು, ಎಲ್ಲ ಒಂದೇ ಉಸಿರಿಗೆ. "ಅಕ್ಕೋರ, ಭಾಳ ಚೊಲೊ ಹೇಳ್ತೀರಿ" ಅಂತ ಮೆಸೇಜ್ ಬರುತ್ತಿದ್ದವು. ತಿಂಗಳ ಕೊನೆಗೆ ಹೊಲಿದದ್ದನ್ನು ತೋರಿಸಿ ಅಂದಾಗ ಬಂದದ್ದು ಮೂರೇ ಫೋಟೋ. ಅದರಲ್ಲೂ ಒಂದು ಬ್ಲೌಸಿಗೆ ಎರಡೂ ತೋಳು ಬಲಗೈಯದೇ! ನಿಮಗೆ ಗೊತ್ತೇ ಇದೆ, ತೋಳಿನ ಮುಂದಿನ ಬದಿಗೆ ಜಾಸ್ತಿ ಕೊರೆಯಬೇಕು, ಹಿಂದಿನ ಬದಿಗೆ ಕಡಿಮೆ, ಎರಡನ್ನೂ ಎದುರುಬದುರು ಇಟ್ಟು ನೋಡದೆ ಕತ್ತರಿಸಿದರೆ ಹೀಗಾಗುತ್ತೆ. ಅದನ್ನು ಹೊಲಿದವಳು ನನ್ನ ಎದುರಿಗೆ ಕೂತಿದ್ದರೆ ಕತ್ತರಿ ಹಾಕುವ ಮೊದಲೇ ಅವಳ ಕೈ ಹಿಡಿಯುತ್ತಿದ್ದೆ. ಆ ಬಟ್ಟೆ ಅವಳ ತಾಯಿ ಕೊಟ್ಟಿದ್ದ ಗುಳೇದಗುಡ್ಡದ ಖಣ. ಇವತ್ತಿಗೂ ನೆನಪಾದರೆ ಸಂಕಟ ಆಗುತ್ತೆ.

ಅವಳು ವಿಡಿಯೋವನ್ನು ಎರಡು ಸಲ ಪೂರ್ತಿ ನೋಡಿದ್ದಳು. ಆದರೆ ಅವಳ ಕೈ ಏನು ಮಾಡುತ್ತಿದೆ ಅಂತ ನಾನು ಒಂದು ಸಲವೂ ನೋಡಿರಲಿಲ್ಲ. ಅದಕ್ಕೇ ಹೇಳುತ್ತೇನೆ, ವಿಡಿಯೋ ಆಮೇಲೆ. ಈ ಪಾಠ ಮುಗಿದ ಮೇಲೆ ಅವರು ಏನು ಮಾಡಬೇಕು, ಅದನ್ನು ನೀವು ಯಾವಾಗ ನೋಡುತ್ತೀರಿ, ಮೊದಲು ಇದನ್ನು ಬರೆದುಕೊಳ್ಳಿ.

ಮನೆಯಲ್ಲೂ ಇದನ್ನೇ ಕಂಡೆ. ಆ ವರ್ಷ ಮಗಳು ಹತ್ತನೇ ಕ್ಲಾಸ್. ಶಾಲೆ ಮುಚ್ಚಿತ್ತು, ಜುಲೈನಿಂದ ಚಂದನ ವಾಹಿನಿಯಲ್ಲಿ ಸಂವೇದ ಅನ್ನುವ ಟಿವಿ ಪಾಠ ಬರುತ್ತಿತ್ತು. ಪಾಠ ಚೆನ್ನಾಗಿತ್ತು, ಆದರೂ ಅವಳು ಸುಮ್ನೆ ನೋಡುತ್ತಾ ಕೂರುತ್ತಿದ್ದಳು. ಆಮೇಲೆ ವಿದ್ಯಾಗಮ ಅನ್ನುವ ಸರ್ಕಾರಿ ಯೋಜನೆ ಶುರುವಾಗಿ ಸರ್ ನಮ್ಮ ಓಣಿಗೇ ಬಂದು, ಗುಡಿ ಕಟ್ಟೆಯ ಮೇಲೆ ಕೂತು ನೋಟ್‌ಬುಕ್ ನೋಡತೊಡಗಿದರು. ನಾಳೆ ಸರ್ ನೋಡುತ್ತಾರೆ ಅಂತ ಅದೇ ಟಿವಿ ಪಾಠಕ್ಕೆ ಪೆನ್ನು ಹಿಡಿದು ಕೂತಳು.

ಈಗ ಕ್ಯಾಮೆರಾ ಮಾತು. ಎಡ್‌ಎಕ್ಸ್ ಅನ್ನುವ ಕೋರ್ಸ್ ತಾಣದಲ್ಲಿ ಜನ ವಿಡಿಯೋ ನೋಡಿದ 69 ಲಕ್ಷ ಸಲದ ಲೆಕ್ಕವನ್ನು ಸಂಶೋಧಕ ಫಿಲಿಪ್ ಗುವೊ ಮತ್ತು ಜೊತೆಯವರು 2014ರಲ್ಲಿ ಹೊರಗೆ ತಂದರು. ವಿಡಿಯೋ ಎಷ್ಟೇ ಉದ್ದ ಇರಲಿ, ಸಾಮಾನ್ಯವಾಗಿ ಜನ ನೋಡುವುದು ಹೆಚ್ಚೆಂದರೆ 6 ನಿಮಿಷ. ದುಡ್ಡು ಸುರಿದು ಸ್ಟುಡಿಯೋದಲ್ಲಿ ತೆಗೆದದ್ದಕ್ಕಿಂತ, ಮೇಷ್ಟ್ರು ತಮ್ಮ ಮೇಜಿನ ಹತ್ತಿರ ಕೂತು ಮಾತಾಡಿದ್ದೇ ಜನರನ್ನು ಜಾಸ್ತಿ ಹಿಡಿದಿಟ್ಟಿತ್ತು. ಇನ್ನೊಂದು ಮಾತು ನಮಗೇ ಹೇಳಿದಂತಿದೆ: ಮಾಡಿ ತೋರಿಸುವ ವಿಡಿಯೋವನ್ನು ಜನ ಮೊದಲಿಂದ ಕೊನೆಯವರೆಗೆ ನೋಡುವುದಿಲ್ಲ, ಬೇಕಾದ ಜಾಗಕ್ಕೆ ಹೋಗಿ ಮತ್ತೆ ಮತ್ತೆ ನೋಡುತ್ತಾರೆ. ಅದಕ್ಕೆ ನಾನು ಒಂದು ವಿಡಿಯೋಗೆ ಒಂದೇ ಕೆಲಸ ಇಟ್ಟೆ. ಹಿಂಭಾಗದ ಕೊರಳು ಒಂದು, ತೋಳು ಇನ್ನೊಂದು. ಹೆಸರು ನೋಡಿದರೆ ಸಾಕು, ಬೇಕಾದ್ದು ಸಿಗಬೇಕು. ಹಾಗೇ ಮೊಬೈಲನ್ನು ಎದುರಿಗೆ ಇಡಬೇಡಿ, ನಿಮ್ಮ ಭುಜದ ಮೇಲಿಂದ ಕೆಳಗೆ ನೋಡುವ ಹಾಗೆ ಕಟ್ಟಿ. ಎದುರಿಂದ ತೆಗೆದರೆ ಟೇಪಿನ ಅಂಕಿ ತಲೆಕೆಳಗಾಗುತ್ತೆ, ಎಡ ಬಲ ಅದಲುಬದಲಾಗುತ್ತೆ. ಆ ಎರಡು ಬಲಗೈ ತೋಳಿಗೆ ನನ್ನ ವಿಡಿಯೋ ತೆಗೆದ ರೀತಿಯೂ ಕಾರಣ ಅಂತ ಆಮೇಲೆ ತಿಳಿಯಿತು.

ಹೊಸಬರಿಗೆ ಮೊದಲ ದಿನವೇ "ನಿಮ್ಮ ಅಳತೆಗೆ ಕತ್ತರಿಸಿ" ಅನ್ನಬೇಡಿ. ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ ಅನ್ನುವ ಸಂಶೋಧಕರು 1985ರಲ್ಲಿ ಬೀಜಗಣಿತ ಕಲಿಯುವ ಮಕ್ಕಳಲ್ಲಿ ಇದನ್ನು ತೋರಿಸಿದ್ದಾರೆ, ಬಿಡಿಸಿದ ಲೆಕ್ಕಗಳನ್ನು ಮೊದಲು ಓದಿದವರು ಬರೀ ಲೆಕ್ಕ ಬಿಡಿಸುತ್ತಾ ಹೋದವರಿಗಿಂತ ಚೆನ್ನಾಗಿ ಕಲಿತರು. ನಾನು 36 ಇಂಚಿನ ಎದೆ ಅಳತೆಗೆ ಪೂರ್ತಿ ಗೆರೆ ಹಾಕಿ ತೋರಿಸುತ್ತೇನೆ: ನಾಲ್ಕನೇ ಭಾಗ 9, ಅದರ ಮೇಲೆ ಹೊಲಿಗೆಗೆ ಬಿಡುವ ಮಾರ್ಜಿನ್. ಮರುದಿನ 34ರದ್ದು, ಅರ್ಧ ಗೆರೆ ನಾನೇ ಹಾಕಿರುತ್ತೇನೆ, ಉಳಿದದ್ದು ಅವರದು. ಮೂರನೆಯದು ಅವರ ಸ್ವಂತ ಅಳತೆ. ಎಲ್ಲವೂ ಹಳೆ ಪೇಪರ್ ಮೇಲೆ. ಫೋಟೋ ನೋಡಿ ನಾನು ಹೂಂ ಅನ್ನುವ ತನಕ ಯಾರೂ ಬಟ್ಟೆಗೆ ಕತ್ತರಿ ಮುಟ್ಟಿಸುವ ಹಾಗಿಲ್ಲ.

ಇನ್ನು ಮರೆವು. ರೋಡಿಗರ್ ಮತ್ತು ಕಾರ್ಪಿಕ್ ಅನ್ನುವ ಮನಶ್ಶಾಸ್ತ್ರಜ್ಞರು 2006ರಲ್ಲಿ ವಿದ್ಯಾರ್ಥಿಗಳಿಗೆ ಒಂದು ಪಾಠ ಓದಿಸಿ, ಕೆಲವರಿಗೆ ಅದನ್ನೇ ಮತ್ತೆ ಓದಿ ಅಂದರು, ಕೆಲವರಿಗೆ ನೆನಪಿದ್ದಷ್ಟು ಬರೆಯಿರಿ ಅಂದರು. ಐದು ನಿಮಿಷಕ್ಕೆ ಕೇಳಿದರೆ ಮತ್ತೆ ಓದಿದವರು ಮುಂದೆ. ವಾರ ಬಿಟ್ಟು ಕೇಳಿದರೆ ನೆನಪಿನಿಂದ ಬರೆದವರು ಮುಂದೆ. ಹಾಗಾಗಿ ಸೋಮವಾರ ಕಲಿಸಿದ ಬ್ಲೌಸಿನ ಹಿಂಭಾಗವನ್ನು ಗುರುವಾರ ವಿಡಿಯೋ ನೋಡದೆ ಹಾಕಿಸುತ್ತೇನೆ. ತಪ್ಪುತ್ತೆ. ತಪ್ಪಲಿ. ಆಮೇಲೆ ವಿಡಿಯೋ ಹಾಕಿಕೊಂಡಾಗ ಯಾವ ಜಾಗ ನೋಡಬೇಕು ಅಂತ ಅವರಿಗೇ ಗೊತ್ತಿರುತ್ತೆ, ಅಲ್ವಾ? ಪರೀಕ್ಷೆ ಪ್ರಶ್ನೆಗಳೂ ಹೀಗೇ ಇರಲಿ. "ತೋಳಿನ ಯಾವ ಬದಿಗೆ ಜಾಸ್ತಿ ಕೊರೆಯಬೇಕು" ಅಂತ ಕೇಳಬೇಡಿ, ಎರಡು ತೋಳಿನ ಫೋಟೋ ಕೊಟ್ಟು ಇದು ಜೋಡಿಯಾ ಅಂತ ಕೇಳಿ.

40 ಜನ ಬೇಡ. ದಿನಕ್ಕೆ ಎಷ್ಟು ಫೋಟೋ ನೋಡಿ, ತಪ್ಪಿದ ಜಾಗಕ್ಕೆ ಕೆಂಪು ಸುತ್ತು ಹಾಕಿ, ಅರ್ಧ ನಿಮಿಷ ಮಾತಾಡಿ ಕಳಿಸಬಲ್ಲಿರಿ? ನನಗೆ ಹದಿನೈದು. ಬ್ಯಾಚೂ ಅಷ್ಟೇ. ಮೊದಲ ವಾರ ಫೋಟೋ ನನಗೊಬ್ಬಳಿಗೇ ಬರುತ್ತೆ, ಗ್ರೂಪಿಗೆ ಹಾಕಿ ಅಂದರೆ ನಾಚಿಕೊಂಡು ಸುಮ್ಮನಾಗುತ್ತಾರೆ. ದಿನಾ ಲೈವ್ ಕೂಡ ಇಲ್ಲ. ಹಳ್ಳಿಯ ಎಷ್ಟೋ ಮನೆಗಳಲ್ಲಿ ಫೋನು ಯಜಮಾನರ ಜೊತೆ ಹೊಲಕ್ಕೆ ಹೋಗಿರುತ್ತೆ, ರಾತ್ರಿ ಊಟ ಆದ ಮೇಲೇ ಇವರ ಕೈಗೆ ಬರುವುದು. ಭಾನುವಾರ ಒಂದು ಲೈವ್, ಬರೀ ಡೌಟ್‌ಗೆ. ಎರಡು ದಿನ ಫೋಟೋ ಬರದಿದ್ದರೆ ನಾನೇ ಫೋನ್ ಮಾಡುತ್ತೇನೆ. ಯಾಕೆ ಕಳಿಸಿಲ್ಲ ಅಂತ ಕೇಳುವುದಿಲ್ಲ, ಎಲ್ಲಿ ತೊಡಕಾಯಿತು ಅಂತ ಕೇಳುತ್ತೇನೆ. ಬಿಟ್ಟು ಹೋಗುವವರಲ್ಲಿ ಹೆಚ್ಚಿನವರು ಹೀಗೆ ಯಾವುದೋ ಒಂದು ಗೆರೆಯ ಹತ್ತಿರ ತೊಡಕಾಗಿ ನಿಂತಿರುತ್ತಾರೆ.

ಮುಂದಿನ ಬ್ಯಾಚ್‌ಗೆ ಮೊದಲು ಒಂದು ಕೆಲಸ ಮಾಡಿ. ಹೊಲಿಗೆ ಬಾರದ ಪಕ್ಕದ ಮನೆಯವರನ್ನು ಕರೆದು ಮೊದಲ ಮೂರು ವಿಡಿಯೋ, ಪೇಪರ್, ಟೇಪು ಕೊಡಿ. ನೀವು ಮಾತಾಡಬೇಡಿ. ಅವರು ಎಲ್ಲಿ ವಿಡಿಯೋ ನಿಲ್ಲಿಸುತ್ತಾರೆ, ಎಲ್ಲಿ ಹಿಂದಕ್ಕೆ ಹೋಗುತ್ತಾರೆ, ಎಲ್ಲಿ ನಿಮ್ಮ ಮುಖ ನೋಡುತ್ತಾರೆ, ಬರೆದುಕೊಳ್ಳಿ. ಆ ಜಾಗಗಳನ್ನು ಮತ್ತೆ ಶೂಟ್ ಮಾಡಿ. ಈಗಿರುವ ಮೊಬೈಲಲ್ಲೇ.