ಮೊಬೈಲಿಗೆ ಹೆದರಿ ಮಗನ ತಲೆ ಸ್ಕ್ಯಾನ್ ಮಾಡಿಸಬೇಕಾ?

ಮೊಬೈಲ್ ಮತ್ತು ಬ್ರೈನ್ ಟ್ಯೂಮರ್ ಬಗ್ಗೆ ಪ್ರಶ್ನೆಗಳು ನಿಲ್ಲುತ್ತಲೇ ಇಲ್ಲ. ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಅದೇ ಬರುತ್ತದೆ. ಈ ಸಲ ಒಂದಕ್ಕೆ ಪೂರ್ತಿ ಉತ್ತರ, ಉಳಿದವಕ್ಕೆ ಒಂದೆರಡು ಮಾತು.

ಪ್ರಶ್ನೆ: ಮಗನಿಗೆ 16 ವರ್ಷ. ದಿನಕ್ಕೆ ಐದಾರು ಗಂಟೆ ಮೊಬೈಲ್ ಹಿಡಿದಿರುತ್ತಾನೆ. ಈಚೆಗೆ ತಲೆನೋವು ಅಂತಾನೆ. ರೇಡಿಯೇಷನ್‌ನಿಂದ ಬ್ರೈನ್ ಟ್ಯೂಮರ್ ಆಗಿರಬಹುದಾ? ಒಂದು ಸಲ ಸಿಟಿ ಸ್ಕ್ಯಾನ್ ಮಾಡಿಸಿಬಿಡಲಾ?

ಉತ್ತರ: ಸ್ಕ್ಯಾನ್ ಮಾತು ಮೊದಲು ಮುಗಿಸೋಣ. ನೀವು ಹೆದರುತ್ತಿರುವಂಥ ರೇಡಿಯೇಷನ್ ಇರುವುದು ಸಿಟಿ ಸ್ಕ್ಯಾನಿನಲ್ಲಿ, ಮೊಬೈಲಿನಲ್ಲಲ್ಲ. ಸಿಟಿಯಲ್ಲಿ ಬಳಸುವುದು ಎಕ್ಸ್‌ರೇ, ಅದಕ್ಕೆ ಡಿಎನ್‌ಎಯನ್ನು ಹಾಳುಮಾಡುವ ಶಕ್ತಿ ಇದೆ. ಮೊಬೈಲಿನ ರೇಡಿಯೋ ಅಲೆಗಳಿಗೆ ಆ ಶಕ್ತಿ ಇಲ್ಲ, ತೀರಾ ಹತ್ತಿರ ಹಿಡಿದಾಗ ಚರ್ಮ ಸ್ವಲ್ಪ ಬಿಸಿಯಾಗಬಹುದು ಅಷ್ಟೆ. ಅಗತ್ಯ ಬಿದ್ದಾಗ ಸಿಟಿ ಜೀವ ಉಳಿಸುತ್ತದೆ, ನಾನೇ ಬರೆದುಕೊಡುತ್ತೇನೆ. ಆದರೆ ಸುಮ್ನೆ ಸಮಾಧಾನಕ್ಕೆ ಅಂತ ಬೆಳೆಯುವ ಹುಡುಗನ ತಲೆಗೆ ಎಕ್ಸ್‌ರೇ ಹಾಯಿಸುವುದು ತಪ್ಪು.

"ಹುಡುಗರ ಮೇಲೆ ಸಂಶೋಧನೆಯೇ ಆಗಿಲ್ಲ" ಅನ್ನುವ ಮಾತು ಸುಳ್ಳು. ಮೊಬಿ-ಕಿಡ್ಸ್ ಅನ್ನುವ ಅಧ್ಯಯನ 14 ದೇಶಗಳಲ್ಲಿ ನಡೆಯಿತು. 10ರಿಂದ 24 ವರ್ಷದೊಳಗಿನ ಸುಮಾರು 900 ಬ್ರೈನ್ ಟ್ಯೂಮರ್ ರೋಗಿಗಳನ್ನು ಅದೇ ವಯಸ್ಸಿನ ಬೇರೆಯವರ ಜೊತೆ ಹೋಲಿಸಿ ನೋಡಿದರು. ಜಾಸ್ತಿ ಮೊಬೈಲ್ ಬಳಸಿದವರಲ್ಲಿ ಗಡ್ಡೆ ಜಾಸ್ತಿ ಇರಲಿಲ್ಲ. ಇನ್ನು, 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಈ ಅಲೆಗಳನ್ನು "2ಬಿ" ಗುಂಪಿಗೆ ಸೇರಿಸಿತು ಅಂತ ಎಲ್ಲರೂ ನನಗೆ ಕಳಿಸುತ್ತಾರೆ. 2ಬಿ ಅಂದರೆ ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ ಅಂತ, ಕ್ಯಾನ್ಸರ್ ಬರುತ್ತದೆ ಅಂತಲ್ಲ. ಇಡೀ ಎಲೆಯ ಲೋಳೆಸರದ ಸಾರವೂ ಅದೇ ಗುಂಪಿನಲ್ಲಿದೆ. ಆಮೇಲೆ ಅದೇ ಸಂಸ್ಥೆಯೇ ಹೇಳಿ ಮಾಡಿಸಿದ ಪರಿಶೀಲನೆ 2024ರಲ್ಲಿ ಬಂತು. 63 ಅಧ್ಯಯನಗಳನ್ನು ಒಟ್ಟಿಗೆ ನೋಡಿದರೂ ಮೊಬೈಲಿಗೂ ಮಿದುಳಿನ ಕ್ಯಾನ್ಸರಿಗೂ ನಂಟು ಸಿಗಲಿಲ್ಲ. ಇದನ್ನು ಮಾತ್ರ ಯಾರೂ ಕಳಿಸುವುದಿಲ್ಲ.

ನನಗೆ ಸಿಟ್ಟು ಬರುವುದು ಯಾಕೆ ಅಂತ ಹೇಳುತ್ತೇನೆ. ಒಬ್ಬ ಹುಡುಗಿಯನ್ನು ಕರೆತಂದಿದ್ದರು. ಬಾಗಿಲಿನಿಂದ ಕುರ್ಚಿಯವರೆಗೆ ಗೋಡೆ ಹಿಡಿದುಕೊಂಡೇ ಬಂದಳು, ಕತ್ತು ಒಂದು ಕಡೆ ವಾಲಿತ್ತು. ಮೂರು ತಿಂಗಳಿಂದ ಬೆಳಿಗ್ಗೆ ಎದ್ದ ಕೂಡಲೇ ತಲೆನೋವು, ವಾಂತಿ. ಮನೆಯವರು ಎಲ್ಲಾ ಮೊಬೈಲಿಂದಲೇ ಅಂದುಕೊಂಡು ಅದನ್ನು ಕಿತ್ತಿಟ್ಟಿದ್ದರು. ರೇಡಿಯೇಷನ್ ತಡೆಯುತ್ತದೆ ಅಂತ ಯಾರೋ ಮಾರಿದ ಬಂಗಾರದ ಬಣ್ಣದ "ರೇಡಿಯೇಷನ್ ಚಿಪ್" ಅಂಟಿಸಿಕೊಂಡು ಕಾದಿದ್ದರು. ಗಡ್ಡೆ ನಡಿಗೆಯ ಸಮತೋಲನ ನೋಡಿಕೊಳ್ಳುವ ಕಿರುಮಿದುಳಿನಲ್ಲಿತ್ತು. ಮೊಬೈಲಿಗೂ ಅದಕ್ಕೂ ಸಂಬಂಧವಿಲ್ಲ. ಹುಡುಗಿ ಈಗ ಚೆನ್ನಾಗಿದ್ದಾಳೆ, ಆದರೆ ಆ ಮೂರು ತಿಂಗಳು ಕಳೆದುಕೊಳ್ಳುವ ಅಗತ್ಯವೇ ಇರಲಿಲ್ಲ.

ಹಾಗಾಗಿ ಮೊಬೈಲ್ ಬಿಡಿ, ಮಗನನ್ನು ನೋಡಿ. ತಲೆನೋವು ನಿದ್ದೆಯಿಂದ ಎಬ್ಬಿಸುತ್ತಾ? ಬೆಳಿಗ್ಗೆ ವಾಂತಿ ಇದೆಯಾ? ಒಂದು ವಸ್ತು ಎರಡಾಗಿ ಕಾಣುತ್ತಾ? ನಡಿಗೆ ತೂರಾಡುತ್ತಾ, ಒಂದು ಕೈ ಸೋಲುತ್ತಾ, ಫಿಟ್ಸ್ ಬಂದಿದೆಯಾ? ಒಂದಕ್ಕೆ ಹೌದು ಅಂದರೂ ಕಾಯಬೇಡಿ, ಇವತ್ತೇ ಡಾಕ್ಟರ ಹತ್ತಿರ ಹೋಗಿ. ಯಾವುದೂ ಇಲ್ಲದಿದ್ದರೆ ಅವನು ಎಷ್ಟು ಹೊತ್ತಿಗೆ ಮಲಗುತ್ತಾನೆ ಅಂತ ವಿಚಾರಿಸಿ, ಕಣ್ಣು ಪರೀಕ್ಷೆ ಮಾಡಿಸಿ. ಈ ವಯಸ್ಸಿನ ತಲೆನೋವಿಗೆ ನಿದ್ದೆಗೇಡು, ಮೈಗ್ರೇನ್, ಬಗ್ಗಿದ ಕತ್ತು ಇವೇ ಕಾರಣವಾಗಿರುವುದು ಹೆಚ್ಚು. ಆದರೂ ತಲೆನೋವು ಹೋಗದಿದ್ದರೆ ಒಮ್ಮೆ ತೋರಿಸಿ. ನಾನಂತೂ ಉದ್ದ ಮಾತಿಗೆ ಇಯರ್‌ಫೋನ್ ಹಾಕುತ್ತೇನೆ, ಸಿಗ್ನಲ್ ಕಮ್ಮಿ ಇರುವ ಕಡೆ ಫೋನ್ ಕಿವಿಗೆ ಒತ್ತಿಕೊಳ್ಳುವುದಿಲ್ಲ. ಅಲ್ಲಿ ಫೋನ್ ಜಾಸ್ತಿ ಶಕ್ತಿ ಹಾಕಿ ಕೆಲಸ ಮಾಡುತ್ತದೆ. ಖರ್ಚಿಲ್ಲದ ಎಚ್ಚರಿಕೆ, ನೀವೂ ಮಾಡಬಹುದು.

ಪ್ರಶ್ನೆ: ರೇಡಿಯೇಷನ್ ತಡೆಯುವ ಸ್ಟಿಕ್ಕರ್ ಹಾಕಬಹುದಾ?

ಉತ್ತರ: ಬೇಡ. ಅದು ನಿಜವಾಗಿಯೂ ಅಲೆ ತಡೆದರೆ ಸಿಗ್ನಲ್ ಹುಡುಕಲು ಫೋನ್ ಇನ್ನೂ ಜೋರಾಗಿ ಅಲೆ ಬಿಡುತ್ತದೆ. ತಡೆಯದಿದ್ದರೆ ನೀವು ಮೋಸ ಹೋದಿರಿ.

ಪ್ರಶ್ನೆ: 5ಜಿ ಬಂದ ಮೇಲೆ ಅಪಾಯ ಹೆಚ್ಚಾಯಿತಾ?

ಉತ್ತರ: ಇಲ್ಲ. ಅದೂ ರೇಡಿಯೋ ಅಲೆಯೇ.

ಪ್ರಶ್ನೆ: ದಿಂಬಿನ ಕೆಳಗೆ ಮೊಬೈಲ್ ಇಟ್ಟು ಮಲಗಬಹುದಾ?

ಉತ್ತರ: ಇಡಬೇಡಿ. ನಿದ್ದೆ ಕೆಡುತ್ತದೆ. ಚಾರ್ಜಿಗೆ ಹಾಕಿ ಇಟ್ಟರೆ ಬಿಸಿಯಾಗಿ ಬೆಂಕಿ ಹತ್ತಬಹುದು.

ಪ್ರಶ್ನೆ: ಗಡ್ಡೆ ಕರಗಿಸುವ ಕಷಾಯ ಇದೆಯಂತೆ, ನಿಜವಾ?

ಉತ್ತರ: ಇಲ್ಲ. ಕೊಡುತ್ತೇನೆ ಅನ್ನುವವರ ಹತ್ತಿರ ಹೋಗಲೇಬೇಡಿ. ಈಗಾಗಲೇ ಕುಡಿಸುತ್ತಿದ್ದರೆ ಅದರ ಬಾಟಲಿ ಸಮೇತ ಡಾಕ್ಟರ ಹತ್ತಿರ ಬನ್ನಿ. ಬೈಸಿಕೊಳ್ಳುತ್ತೇವೆ ಅಂತ ಮುಚ್ಚಿಡಬೇಡಿ.