ಶಿವರಾತ್ರಿಗೆ ಮೊದಲೇ ತರಕಾರಿ ಮಡಿ ಮಾಡಿ

ಪ್ರಶ್ನೆ: ಮನೆ ಹಿಂದೆ ಹತ್ತಡಿ ಅಗಲದ ಎರೆ ಮಣ್ಣಿನ ಜಾಗವಿದೆ. ಅಗೆದರೆ ಬರೀ ಹೆಂಟೆ ಏಳುತ್ತದೆ. ಫೆಬ್ರವರಿಯಲ್ಲಿ ತರಕಾರಿ ಹಾಕಬಹುದೇ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಹಾಕಿ, ಆದರೆ ತಡ ಮಾಡಬೇಡಿ. ನಮ್ಮ ರಾಯಚೂರು ಸೀಮೆಯಲ್ಲಿ ಶಿವರಾತ್ರಿ ದಾಟಿದರೆ ಬಿಸಿಲು ಸುಮ್ನೆ ಬಿಡುತ್ತದೆಯೇ? ಒಣ ಹೆಂಟೆ ಬಡಿಯಲು ಹೋಗಬೇಡಿ. ನಾನು ಹಾಗೆ ಮಾಡಿಯೇ ಒಂದು ವರ್ಷ ಗುದ್ದಲಿ ಕಾವು ಮುರಿದುಕೊಂಡೆ. ನೀರು ಬಿಟ್ಟು ಎರಡು ಮೂರು ದಿನ ಕಾಯಿರಿ. ಒಂದು ಹಿಡಿ ಮಣ್ಣು ಹಿಸುಕಿ ನೋಡಿ: ಬೆರಳಿಗೆ ಮೆತ್ತಿಕೊಂಡರೆ ಇನ್ನೂ ಹಸಿ, ಪುಡಿಯಾಗಿ ಉದುರಿದರೆ ಹದ. ಆಗ ಅಗೆದು, ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ ಬೆರೆಸಿ. ಬೆಂಡೆ, ಚವಳಿ (ಗೋರಿಕಾಯಿ), ಹೀರೆ ಈಗ ಸರಿ. ಬೆಂಡೆ ಬೀಜ ರಾತ್ರಿ ನೆನೆಸಿಡಿ. ಕೋಸು ಬೇಡ. ಸಸಿ ಎದ್ದ ಮೇಲೆ ಬುಡಕ್ಕೆ ಜೋಳದ ಸೊಪ್ಪೆ ಹರಡಿ, ಎರೆ ಬಿರುಕು ಬಿಡುವುದು ಕಡಿಮೆಯಾಗುತ್ತದೆ.